ಟ್ಯಾಂಕರಿನ ನಾಲ್ಕನೇ ಖಾನೆ

ಬೆಳಿಗ್ಗೆ ಆರೂವರೆಗೆ ಕಲಬುರಗಿ ಬಸ್ ನಿಲ್ದಾಣದಿಂದ ಹೊರಟು ಊರ ಹೊರಗಿನ ತೈಲ ಡಿಪೋ ಮುಂದೆ ಇಳಿದೆ. ಕೈಯಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು, ಒಂದು ನೋಟ್‌ಬುಕ್ಕು, ರೊಟ್ಟಿ ಕಟ್ಟಿದ ಡಬ್ಬಿ. ಚಳಿ ಇತ್ತು. ಡಿಪೋ ಒಳಗೆ ನನ್ನನ್ನು ಬಿಡಲಿಲ್ಲ. ಗೇಟಿನ ಕಾವಲುಗಾರ ನನ್ನ ಮೊಬೈಲನ್ನೂ ನನ್ನನ್ನೂ ಒಂದೇ ಅನುಮಾನದಿಂದ ನೋಡಿ, ರಸ್ತೆಯಾಚೆಯ ಚಹಾದಂಗಡಿ ತೋರಿಸಿದ.

ಹದಿನಾರು ವರ್ಷದಿಂದ ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ನನ್ನ ಪೆಟ್ರೋಲಿಯಂ ಪಾಠ ಪ್ರತಿ ವರ್ಷ ಒಂದೇ ಕಡೆ ಮುಗಿಯುತ್ತದೆ. ನೆಲದಾಳದಿಂದ ಕಚ್ಚಾ ತೈಲ ತೆಗೆಯುತ್ತಾರೆ, ಹಡಗು ಅದನ್ನು ಕರಾವಳಿಗೆ ತರುತ್ತದೆ, ಸಂಸ್ಕರಣಾಗಾರದಲ್ಲಿ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರಾದದ್ದು ಮೇಲೆ ಹೋಗಿ ಗ್ಯಾಸು, ಪೆಟ್ರೋಲು ಆಗುತ್ತದೆ, ನಡುವೆ ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ಡಾಂಬರು. ಅಷ್ಟಕ್ಕೆ ಗಂಟೆ ಬಾರಿಸುತ್ತದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆ ಗೋಪುರದಿಂದ ನಮ್ಮ ಆಳಂದಕ್ಕ ಹ್ಯಾಂಗ ಬರ್ತದರಿ?" ಎಂದಳು. "ಲಾರಿಯಲ್ಲಿ" ಎಂದೆ. ಇಡೀ ಕ್ಲಾಸು ನಕ್ಕಿತು. ಅದು ನನ್ನನ್ನು ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ. ಪರಿಚಯದ ಟ್ಯಾಂಕರ್ ಮಾಲೀಕರೊಬ್ಬರಿಗೆ ಫೋನು ಮಾಡಿ ಒಂದು ದಿನದ ಮಟ್ಟಿಗೆ ಕೂರಲು ಜಾಗ ಕೇಳಿದೆ. ಅವರ ಕ್ಲೀನರ್ ರಜೆಯಲ್ಲಿದ್ದ. ಆ ಸೀಟು ನನಗೆ ಸಿಕ್ಕಿತು.

ಎಂಟೂಕಾಲಿಗೆ ಟ್ಯಾಂಕರು ಹೊರಬಂತು. ಚಾಲಕರ ಹೆಸರು ಮಹಾಂತಪ್ಪ, ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ನಾನು ಹತ್ತಿದೊಡನೆ ಕ್ಲೀನರನ ಹೆಲ್ಮೆಟ್ಟು, ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೀಟು ಕೊಟ್ಟು, ಕಾಗದದ ಪ್ಯಾಡನ್ನು ನನ್ನ ತೊಡೆಯ ಮೇಲಿಟ್ಟರು.

"ಇಪ್ಪತ್ತು ಸಾವಿರ ಲೀಟರ್ ಅದ ರಿ. ನಾಲ್ಕು ಖಾನಿ. ಮೊದಲಿನ ಮೂರರಾಗ ಡೀಜಲ್, ನಾಲ್ಕನೇದ್ರಾಗ ಪೆಟ್ರೋಲ್. ನಡಕ ಗ್ವಾಡಿ ಅದ, ಒಂದ್ರದು ಇನ್ನೊಂದಕ್ಕ ತಾಗಂಗಿಲ್ಲ."

ಡಿಪೋಗೆ ಇಂಧನವು ರೈಲಿನ ವ್ಯಾಗನ್ನುಗಳಲ್ಲಿ ಬರುತ್ತದೆ, ದೊಡ್ಡ ತೊಟ್ಟಿಗಳಲ್ಲಿ ನಿಲ್ಲುತ್ತದೆ, ಅಲ್ಲಿ ಸಾಂದ್ರತೆ ನೋಡಿ, ಟ್ಯಾಂಕರಿಗೆ ತುಂಬಿ, ಪ್ರತಿ ಮುಚ್ಚಳಕ್ಕೂ ಕೀಲಿ ಜಡಿಯುತ್ತಾರೆ ಎಂದು ಅವರು ವಿವರಿಸಿದರು. ನಾನು ಬರೆದುಕೊಂಡೆ. ರಸ್ತೆಯ ಎರಡೂ ಕಡೆ ತೊಗರಿ ಕಾಯಿ ಕಟ್ಟಿ ನಿಂತಿತ್ತು.

ಪಟ್ಟಣ ಹತ್ತು ಕಿಲೋಮೀಟರ್ ಹಿಂದಾದ ಮೇಲೆ ಮಹಾಂತಪ್ಪ ತಾವಾಗಿಯೇ ಇನ್ನೊಂದು ಮಾತು ತೆಗೆದರು. ಎರಡು ವರ್ಷದ ಹಿಂದೆ ಬೇರೊಂದು ಕಡೆ ಪಂಪಿನವನು ಪೈಪನ್ನು ತಪ್ಪು ಬಾಯಿಗೆ ಕೂಡಿಸಿದ. ಇವರು ಕೇಳದೆ ವಾಲ್ವ್ ಬಿಟ್ಟರು. ಪೆಟ್ರೋಲು ನೆಲದಡಿಯ ಡೀಸೆಲ್ ತೊಟ್ಟಿಗೆ ಹೋಯಿತು. ತುಂಬಿಸಿಕೊಂಡು ಹೋದ ಟ್ರ್ಯಾಕ್ಟರುಗಳು ಹೊಲದಲ್ಲೇ ನಿಂತವು. ಎಂಟು ತಿಂಗಳು ಇವರ ಕೈಗೆ ಸ್ಟೇರಿಂಗ್ ಸಿಗಲಿಲ್ಲ.

"ಮಾಲಕರು ತಿರುಗಿ ಕರಿಯೋವಾಗ ಒಂದ ಮಾತ ಹೇಳ್ಯಾರ. ಇನ್ನೊಮ್ಮೆ ಆತಂದ್ರ ಚಾವಿ ಇಟ್ಟು ಹೋಗಬೇಕು ಅಂತ. ಈ ವಯಸ್ಸಿನ್ಯಾಗ ಬ್ಯಾರೇ ಯಾವ ಕೆಲಸಾ ಕಲೀಲಿ ಹೇಳ್ರಿ?"

ನಾನು ಸಮಾಧಾನಕ್ಕೆಂದು, ಎಲ್ಲಾ ಒಂದೇ ಕಚ್ಚಾ ತೈಲದ ಮಕ್ಕಳು, ಕುದಿಯುವ ಬಿಸಿಯಷ್ಟೇ ಬೇರೆ ಎಂದು ಪಾಠ ಹೇಳಿದೆ. "ಪೆಟ್ರೋಲೂ ಎಣ್ಣಿನೇ, ಡೀಸೆಲ್ಲೂ ಎಣ್ಣಿನೇ" ಎಂದೆ. ಅವರು ನಕ್ಕು, "ನಿಮ್ಮ ಪುಸ್ತಕದಾಗ ಇರಬಹುದು ರಿ" ಎಂದರು.

ಆಳಂದ ತಲುಪುವಾಗ ಒಂಬತ್ತೂವರೆ. ಬಂದ ಕೂಡಲೇ ಏನನ್ನೂ ಬಿಚ್ಚುವುದಿಲ್ಲ ಎಂಬುದು ನನಗೆ ಹೊಸದು. ದಾರಿಯಲ್ಲಿ ಕುಲುಕಾಡಿದ ಸರಕು ತಿಳಿಯಾಗಲು ಕಾಲು ತಾಸು ಕಾಯುತ್ತಾರೆ. ಅಷ್ಟರಲ್ಲಿ ಟ್ಯಾಂಕರಿಗೆ ಅರ್ಥಿಂಗ್ ತಂತಿ ಸಿಕ್ಕಿಸುತ್ತಾರೆ; ಹರಿಯುವ ಇಂಧನದಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗದೆ ನೆಲಕ್ಕೆ ಇಳಿದುಹೋಗಲಿ ಎಂದು. ಗಾಜಿನ ಜಾಡಿಗೆ ಸ್ವಲ್ಪ ತೆಗೆದು ಸಾಂದ್ರತೆ ಅಳೆದು, ಉಷ್ಣತೆಯ ಪಟ್ಟಿ ನೋಡಿ, ಡಿಪೋ ಕಾಗದದ ಅಂಕಿಗೆ ಹೋಲಿಸುತ್ತಾರೆ. ನಾನು ಪ್ರಯೋಗಾಲಯದಲ್ಲಿ ಅರ್ಧ ದಿನ ಮಾಡಿಸುವುದನ್ನು ಪಂಪಿನ ಮನುಷ್ಯ ಎಲೆಅಡಿಕೆ ಜಗಿಯುತ್ತ ಐದು ನಿಮಿಷದಲ್ಲಿ ಮುಗಿಸಿದ.

ಪೈಪು ಕೂಡಿಸಿದ ಮೇಲೆ ಮಹಾಂತಪ್ಪ ವಾಲ್ವಿನ ಮೇಲೆ ಕೈಯಿಟ್ಟು ಜೋರಾಗಿ ಕೂಗಿದರು: "ಏನ ಬಿಡಾಕತ್ತೇನಿ?"

ಪಂಪಿನವನು ಎಲೆಅಡಿಕೆ ಉಗುಳಿ "ಡೀಜಲ್!" ಎಂದ. ಆಮೇಲೆಯೇ ವಾಲ್ವ್ ತಿರುಗಿತು. ಆ ಎಂಟು ತಿಂಗಳಾದ ಮೇಲೆ ಕಟ್ಟಿಕೊಂಡ ರೂಢಿ ಇದು: ಪೈಪಿನ ಆ ತುದಿಯಲ್ಲಿ ನಿಂತವನು ಬಾಯಿಬಿಟ್ಟು ಹೆಸರು ಹೇಳಬೇಕು, ಇಲ್ಲದಿದ್ದರೆ ಒಂದು ಹನಿಯೂ ಇಳಿಯುವುದಿಲ್ಲ. ಇದು ನನಗೆ ಸ್ವಲ್ಪ ನಾಟಕದಂತೆ ಕಂಡಿತು.

ಅಫಜಲಪುರದ ದಾರಿ ಪೂರ್ತಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಸಾಗಿತು. ಎರಡು ಟ್ರೇಲರಿನ ಹೊರೆ ಅಲುಗಾಡುತ್ತ ಹೋಗುವಾಗ ಹಿಂದಿನವರು ಗೊಣಗುವುದಷ್ಟೇ ಸಾಧ್ಯ.

"ಈ ಕಬ್ಬು ಎಲ್ಲಿಗೆ ಹೋಗ್ತದ ಗೊತ್ತೇನ್ರಿ?" ಎಂದರು ಮಹಾಂತಪ್ಪ. "ಸಕ್ರಿ ಆದಮ್ಯಾಲ ಉಳದ ಕಾಕಂಬಿಯಿಂದ ಸ್ಪಿರಿಟ್ ತೆಗೀತಾರ. ಅದು ಡಿಪೋಕ್ಕ ಬಂದು ಪೆಟ್ರೋಲಿನ್ಯಾಗ ಕೂಡ್ತದ. ಐದರಾಗ ಒಂದು ಪಾಲು. ಈಗ ಗಾಡಿನೂ ಕುಡೀತಾವ ನೋಡ್ರಿ!"

ಆ ಸ್ಪಿರಿಟ್ಟೇ ಎಥನಾಲ್. ಅದಕ್ಕೆ ನೀರೆಂದರೆ ಪ್ರಾಣ. ತೊಟ್ಟಿಯಲ್ಲಿ ನೀರು ಸೇರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಅದಕ್ಕೇ ಅಳತೆಕೋಲಿನ ತುದಿಗೆ ಒಂದು ಪೇಸ್ಟು ಹಚ್ಚಿ ಇಳಿಸುತ್ತಾರೆ, ನೀರು ತಾಗಿದರೆ ಬಣ್ಣ ಬದಲಾಗುತ್ತದೆ. ಇಷ್ಟು ಹೇಳಿದ್ದು ನಾನು. ಆ ದಿನ ಪುಸ್ತಕದ ವಿದ್ಯೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅಫಜಲಪುರದಲ್ಲಿ ಉಳಿದ ಎರಡು ಖಾನೆ ಡೀಸೆಲ್ ಇಳಿಯಿತು. ಮಹಾಂತಪ್ಪ ತಮ್ಮ ಪ್ರಶ್ನೆ ಕೂಗಿದಾಗ ಇಲ್ಲಿಯ ಪಂಪಿನವನು "ಎಣ್ಣಿ!" ಎಂದ. ಇವರು ತಲೆಯಾಡಿಸಿ ಬಿಟ್ಟರು. ಪಕ್ಕದಲ್ಲೊಬ್ಬ ಟ್ರ್ಯಾಕ್ಟರಿನವನು ಕ್ಯಾನು ಚಾಚಿ "ಇಪ್ಪತ್ತು ಲೀಟರ್ ಎಣ್ಣಿ ಹಾಕ್ರಿ" ಎಂದಿದ್ದನ್ನೂ ಕೇಳಿದೆ. ಕೇಳಿದ್ದು ಕಿವಿ ಮಾತ್ರ. ಖಾನಾವಳಿಯಲ್ಲಿ ಎಂಬತ್ತು ರೂಪಾಯಿಗೆ ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನನ್ನ ಡಬ್ಬಿಯ ರೊಟ್ಟಿ ಮಹಾಂತಪ್ಪನವರ ಪಾಲಾಯಿತು.

ಸೊನ್ನದ ಹತ್ತಿರ ಭೀಮಾ ನದಿ ದಾಟಿದೆವು. ಬ್ಯಾರೇಜಿನ ಹಿಂದೆ ನೀರು ಹರಡಿ ನಿಂತಿತ್ತು. ಇಜೇರಿಯಲ್ಲಿ ಚಹಾ ಕುಡಿದು ಜೇವರ್ಗಿ ಮುಟ್ಟಿದಾಗ ಮೂರೂವರೆ, ಬಿಸಿಲಿಗೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಇಲ್ಲಿಯ ಪಂಪು ನೋಡಿಕೊಳ್ಳುವವರು ಗುರುಬಾಯಿ, ನನ್ನದೇ ವಯಸ್ಸಿನ ಚುರುಕಿನ ಹೆಂಗಸು. ಕಾಲು ತಾಸು ಕಳೆದ ಮೇಲೆ ಮಾದರಿ ತೆಗೆಸಿ, ಮಹಾಂತಪ್ಪನವರನ್ನು ಕರೆದುಕೊಂಡು ಕಾಗದ ನೋಡಲು ಆಫೀಸಿಗೆ ಹೋದರು. ನಾನು ಹೆಲ್ಮೆಟ್ಟು ಹಾಕಿ, ಪ್ಯಾಡು ಹಿಡಿದು ಟ್ಯಾಂಕರಿನ ಹಿಂದೆ ನಿಂತಿದ್ದೆ. ಆಗ ಬಸಣ್ಣ ಎನ್ನುವ ಹಿರಿಯ ಕೆಲಸಗಾರ ಟ್ರ್ಯಾಕ್ಟರಿಗೆ ಡೀಸೆಲ್ ಹಾಕುವುದನ್ನು ಮುಗಿಸಿ, ಪೈಪು ಎಳೆಯುತ್ತ ಬಂದ. ಆತ ವಾರದ ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದವನು. ಜಾಕೀಟು ನೋಡಿ ನನ್ನನ್ನು ಕಂಪನಿಯ ಸಾಹೇಬರೆಂದೇ ತಿಳಿದಿರಬೇಕು.

"ಮೇಡಂರೀ, ನಾಲ್ಕನೇದ್ರಾಗ ಎಣ್ಣಿ ಅದ ಏನ್ರಿ?"

"ಎಣ್ಣಿನೇ, ಮತ್ತೇನು!" ಎಂದು ನಕ್ಕೆ. ಇಂಧನದ ಟ್ಯಾಂಕರಿನಲ್ಲಿ ಇನ್ನೇನು ಹಾಲು ಇರುತ್ತದೆಯೇ ಎಂಬ ನಗು ಅದು.

ಬಸಣ್ಣ ಪಂಪಿನ ಪಕ್ಕದ ಗೋಡೆಯಾಚೆಗೆ ಹೋಗಿ ಪೈಪಿನ ತುದಿಯನ್ನು ನೆಲದಡಿ ತೊಟ್ಟಿಯ ಬಾಯಿಗೆ ಕೂಡಿಸಿದ. ಟ್ಯಾಂಕರಿನ ಬಳಿಯಿಂದ ಆ ಬಾಯಿ ಕಾಣುವುದಿಲ್ಲ. ಮಹಾಂತಪ್ಪ ಬಂದರು, ಬೆವರು ಒರೆಸಿಕೊಂಡರು, ವಾಲ್ವಿಗೆ ಕೈಹಾಕಿದರು.

"ಏನ ಬಿಡಾಕತ್ತೇನಿ?"

"ಎಣ್ಣಿ ರಿ!"

ಮಹಾಂತಪ್ಪ ಸುಟ್ಟುಕೊಂಡವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಗೋಡೆಯಾಚೆಗೆ ನಡೆದರು. ನಾನೂ ಹಿಂದೆ ಹೋದೆ. ಪೈಪು ಡೀಸೆಲ್ಲಿನ ಬಾಯಿಗೆ ಕೂತಿತ್ತು.

"ಯಾರ ಹೇಳಿದ್ರಲೇ ಬಸಣ್ಣಾ, ಇದ್ರಾಗ ಎಣ್ಣಿ ಅದ ಅಂತ?"

ಬಸಣ್ಣ ನನ್ನ ಕಡೆ ನೋಡಿದ. ಅಷ್ಟರಲ್ಲಿ ಗುರುಬಾಯಿ ಬಂದು, ಪೈಪು ನೋಡಿ, ಚಾಲಕರ ಮೇಲೆಯೇ ಹರಿಹಾಯ್ದರು. "ಏನ್ರಿ ಮಹಾಂತಪ್ಪ, ಮತ್ತ ಅದೇ ಕೆಲಸ ಏನು? ನಿಮ್ಮ ಮಾಲಕರಿಗೆ ಫೋನ್ ಹಚ್ಚಲೇನು?"

ಮಹಾಂತಪ್ಪ ನನ್ನ ಹೆಸರು ಹೇಳಲಿಲ್ಲ. ತಲೆ ತಗ್ಗಿಸಿ ನಿಂತರು. ಅವರು ಹೇಳಿಬಿಟ್ಟಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ತಪ್ಪು ನಂದು ರಿ" ಎಂದೆ. "ನಾನೇ ಎಣ್ಣಿ ಅಂತ ಹೇಳಿದೆ. ನನಗ ಎರಡೂ ಎಣ್ಣಿನೇ ಆಗಿದ್ವು. ಇವರು ಕೇಳಿದ್ದಕ್ಕ ಉಳೀತು."

"ನೀವು ಕಂಪನಿಯವರಾ?"

"ಅಲ್ಲ ರಿ. ಕೆಮಿಸ್ಟ್ರಿ ಕಲಿಸ್ತೇನಿ."

ಗುರುಬಾಯಿ ನನ್ನನ್ನು ಹೆಲ್ಮೆಟ್ಟಿನಿಂದ ಚಪ್ಪಲಿಯವರೆಗೆ ನೋಡಿದರು. "ಇಲ್ಲೆ ಎಣ್ಣಿ ಅಂದ್ರ ಡೀಜಲ್ ರಿ. ಪೆಟ್ರೋಲಿಗೆ ಪೆಟ್ರೋಲ್ ಅಂತೇವಿ. ಸಣ್ಣ ಕೂಸಿಗೂ ಗೊತ್ತದ." ಬಾಗಿ ತೊಟ್ಟಿಯ ಬಾಯಿಯ ಸುತ್ತ ಬೆರಳಾಡಿಸಿ ಮೂಸಿದರು. "ಒಂದ ಹನಿನೂ ಬಿದ್ದಿಲ್ಲ. ಹೋಗ್ಲಿ, ಫೋನ್ ಹಚ್ಚಂಗಿಲ್ಲ. ಪೈಪ್ ತೆಗಿ ಬಸಣ್ಣ."

ಪೈಪು ಪೆಟ್ರೋಲಿನ ಬಾಯಿಗೆ ಕೂತಿತು. ಮಹಾಂತಪ್ಪ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ನಾನು ಏನಾದರೂ ಹೇಳಬೇಕೆಂದು ಹತ್ತಿರ ಹೋದರೆ, ಅವರು ಎದ್ದು ವಾಲ್ವಿನ ಹತ್ತಿರ ನಿಂತು ನನಗೇ ಗೋಡೆಯಾಚೆಗೆ ಕೈ ತೋರಿಸಿದರು.

"ಬಸಣ್ಣ ಅಲ್ಲ. ಮೇಡಂರೇ, ಈ ಸಲ ನೀವು ಹೇಳ್ರಿ."

ಹೋಗಿ ನಿಂತೆ. ಪಕ್ಕಕ್ಕೆ ತೆಗೆದಿಟ್ಟಿದ್ದ ಮುಚ್ಚಳ ತಿರುಗಿಸಿ, ಮಾಸಿದ ಬಣ್ಣದಲ್ಲಿದ್ದ ಅಕ್ಷರ ಎರಡು ಸಲ ಓದಿದೆ.

"ಏನ ಬಿಡಾಕತ್ತೇನಿ?"

"ಪೆಟ್ರೋಲ್."

"ಕೇಳಿಸ್ಲಿಲ್ರಿ!"

"ಪೆಟ್ರೋಲ್!"

ಕಾಲಬುಡದಲ್ಲಿ ಪೈಪು ಅದುರಿತು, ಸರಕು ಹರಿಯಿತು.

ಐದೂಕಾಲಿಗೆ ಮಹಾಂತಪ್ಪ ನನ್ನನ್ನು ಜೇವರ್ಗಿ ಬಸ್ ನಿಲ್ದಾಣದಲ್ಲಿ ಇಳಿಸಿದರು. ಹೆಲ್ಮೆಟ್ಟು, ಜಾಕೀಟು ಇಸಿದುಕೊಂಡು, "ನಿಮ್ಮ ಹುಡುಗ್ರಿಗೆ ಇದನ್ನೂ ಹೇಳ್ರಿ" ಎಂದಷ್ಟೇ ಅಂದರು. ಹೇಳುತ್ತೇನೆ ಎಂದೆ. ಖಾಲಿ ಟ್ಯಾಂಕರು ಸದ್ದು ಮಾಡುತ್ತ ತಿರುವಿನಲ್ಲಿ ಮರೆಯಾಯಿತು.

ಕಲಬುರಗಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ನನ್ನ ಕಡೆ ತಿರುಗಿದರು.

"ಯವ್ವಾ, ನಿನ್ನ ಮೈಮ್ಯಾಲ ಎಣ್ಣಿ ವಾಸ್ನಿ ಬರಾಕತ್ತದಲ್ಲ?"

ನಾನು ಹೌದು ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ಯಾವ ಎಣ್ಣಿ ರಿ, ಅಮ್ಮಾ?" ಎಂದು ಕೇಳಿದೆ.