ಬೀರುವಿನೊಳಗಿನ ಮೂರು ಗಿಡ

ಲೈಪ್‌ಜಿಗ್ ಊರಿನಂಚಿನಲ್ಲಿ, ರೈಲುಹಳಿಯ ಪಕ್ಕದಲ್ಲಿ, ಮನೆಯಿಂದ ದೂರ ತುಂಡು ಜಾಗ ಬಾಡಿಗೆಗೆ ಹಿಡಿದವರ ನಮ್ಮ ಕೈತೋಟಗಳ ಸಂಘದಲ್ಲಿ ಬೇಲಿಯ ಗಿಡ ನೂರಿಪ್ಪತ್ತೈದು ಸೆಂಟಿಮೀಟರಿಗಿಂತ ಎತ್ತರ ಹೋಗುವಂತಿಲ್ಲ. ನೂರಿಪ್ಪತ್ತಾರಾದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಸೀಗ್ಮಾರ್ ಹೌಬೋಲ್ಡ್‌ನನ್ನು ಕೇಳಿದ್ದರೆ, ಬೀಳುತ್ತದೆ ಎಂದೇ ಹೇಳುತ್ತಿದ್ದ. ಇಪ್ಪತ್ತಾರು ವರ್ಷ ನಮ್ಮೆಲ್ಲರ ಬೇಲಿ ಅಳೆದವನು ಅವನು. ಸಂಬಳವಿಲ್ಲ, ಸವಲತ್ತಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಭಾನುವಾರ ಬೆಳಿಗ್ಗೆ ನಾವು ಕಾಫಿಗೆ ಕೂತ ಹೊತ್ತಿಗೇ ಬೇಲಿಯಾಚೆ ಅವನ ಬೋಳುತಲೆ ಕಾಣಿಸುತ್ತಿತ್ತು, ಆಮೇಲೆ ಅಳತೆಪಟ್ಟಿ ಬಿಚ್ಚುವ ಟಕಟಕ ಸದ್ದು ಕೇಳಿಸುತ್ತಿತ್ತು.

ಕೆಟ್ಟವನಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವನು. ಗೆರೆ ದಾಟಿದ್ದನ್ನು ಕತ್ತರಿಸುವುದು ಅವನಿಗೆ ಊಟ ನಿದ್ದೆಯಷ್ಟೇ ಸಹಜ. ಅದೇ ಅವನಿಗೆ ಮುಳುವಾಯಿತು.

ಕಳೆದ ಚಳಿಗಾಲದಲ್ಲಿ ಅವನ ಹೆಂಡತಿ ರೋಸ್ವಿಟಾಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿ ಉದುರಿದರೂ ಬಲಪಕ್ಕೆಯ ಉರಿ ಮಾತ್ರ ಹೋಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ತಲೆ ಸುತ್ತಿ ಗೋಡೆ ಹಿಡಿದು ನಡೆಯಬೇಕು, ನುಂಗದಿದ್ದರೆ ಹೊದಿಕೆಯ ಅಂಚು ತಗುಲಿದರೂ ಕೆಂಡ ಇಟ್ಟಂತೆ. ರಾತ್ರಿಯೆಲ್ಲ ಮನೆಯ ದೀಪಗಳನ್ನು ಹಚ್ಚಿಕೊಂಡು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದಳು. ಹಾಸಿಗೆಯಲ್ಲಿ ಬಿದ್ದುಕೊಂಡು ಆ ಹೆಜ್ಜೆ ಕೇಳಿಸಿಕೊಳ್ಳುವುದಷ್ಟೇ ಸೀಗ್ಮಾರನ ಪಾಲಿಗೆ ಉಳಿದಿತ್ತು. ಅದು ಅವನನ್ನು ಒಳಗೊಳಗೇ ತಿಂದುಹಾಕಿತು.

ಏಪ್ರಿಲ್‌ನಲ್ಲಿ ಟ್ರಾಮ್ ಓಡಿಸುವ ಇಲ್ಕಾಳ ಹುಟ್ಟುಹಬ್ಬ. ಅವಳ ತೋಟ ಇವರ ತೋಟದ ಪಕ್ಕದ್ದೇ. ಹನ್ನೊಂದು ವರ್ಷದಲ್ಲಿ ಸೀಗ್ಮಾರನಿಂದ ಹದಿನಾಲ್ಕು ಎಚ್ಚರಿಕೆ ಪತ್ರ ತಿಂದವಳು, ಆದರೂ ಕರೆದಳು. ಅಲ್ಲಿ ರೋಸ್ವಿಟಾ ಅವಳು ಕೊಟ್ಟ ಒಂದು ಬಿಸ್ಕತ್ತು ತಿಂದಳು. ಅಂದು ರಾತ್ರಿ ಐದು ಗಂಟೆ ಒಂದೇ ಸಮನೆ ನಿದ್ದೆ ಹೋದಳು, ನಾಲ್ಕು ತಿಂಗಳಲ್ಲಿ ಮೊದಲ ಸಲ. ಎದ್ದು ಗಂಡನ ಮುಂದೆ ಕೂತು ಅತ್ತಳು.

"ಗಾಂಜಾ ಹಾಕಿದ್ಲಂತೆ. ಮನೇಲೇ ಬೆಳೆಸ್ತಾಳಂತೆ."

"ಬೆಳೆಸ್ಲಿ, ಮೂರು ಗಿಡದವರೆಗೂ ಈಗ ಕಾನೂನಲ್ಲಿ ಅವಕಾಶ ಇದೆ. ಆದ್ರೆ ಬೆಳೆದಿದ್ದನ್ನ ಬೇರೆಯವರಿಗೆ ಕೊಡೋ ಹಾಗಿಲ್ಲ. ಆ ಬಿಸ್ಕತ್ತಿನ ವಿಷಯ ನನ್ನ ಕಿವಿಗೆ ಬಿದ್ದಿಲ್ಲ, ಗೊತ್ತಾಯ್ತಾ?"

"ಇನ್ನೊಂದು ಕೇಳಲಾ ಅವಳನ್ನ?"

"ಬೇಡ. ನಾವೇ ಬೆಳೆಸೋಣ. ನಿಯಮದ ಪ್ರಕಾರ."

ಕೈತೋಟದಲ್ಲಿ ಬೆಳೆಸುವಂತಿಲ್ಲ, ವಾಸದ ಮನೆಯಲ್ಲೇ ಆಗಬೇಕು. ಮಲಗುವ ಕೋಣೆಯಲ್ಲಿ ರೋಸ್ವಿಟಾಳ ಓಕ್ ಮರದ ಬೀರು ಇತ್ತು. ಬಡಗಿಯಾಗಿದ್ದ ಅವಳಪ್ಪ ಮಗಳ ಮದುವೆಗೆಂದು ಒಂದು ಮೊಳೆಯನ್ನೂ ಬಳಸದೆ ಕಚ್ಚು ಹಾಕಿ ಜೋಡಿಸಿದ್ದ ಬೀರು. ಸೀಗ್ಮಾರ್ ಅವಳ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ, ಒಳಗೆ ಬೆಳ್ಳಿ ಹಾಳೆ ಅಂಟಿಸಿ, ದೀಪ ತೂಗುಹಾಕಿ, ಸಣ್ಣ ಫ್ಯಾನು ಇಟ್ಟ. ಒಳಗಿನ ಎತ್ತರ ನೂರ ತೊಂಬತ್ತು. ಕುಂಡಕ್ಕೆ ಇಪ್ಪತ್ತೈದು, ದೀಪಕ್ಕೂ ಅದರ ಕೆಳಗಿನ ಅಂತರಕ್ಕೂ ಸೇರಿ ನಲವತ್ತು. ಗಿಡಕ್ಕೆ ಉಳಿದದ್ದು ಸರಿಯಾಗಿ ನೂರಿಪ್ಪತ್ತೈದು! ದೇವರೇ ಅಳತೆಪಟ್ಟಿ ಹಿಡಿದು ಬಂದಷ್ಟು ಖುಷಿಯಾಯಿತು ಅವನಿಗೆ.

ಈ ಗಿಡದ ರೀತಿಯೇ ಬೇರೆ. ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಟ್ಟಷ್ಟು ದಿನ ಎಲೆ ಬಿಡುತ್ತಾ ಹೋಗುತ್ತದೆ. ಬೆಳಕನ್ನು ಹನ್ನೆರಡು ಗಂಟೆಗಿಳಿಸಿ, ಉಳಿದ ಹನ್ನೆರಡು ಗಂಟೆ ಗವ್ವೆನ್ನುವ ಕತ್ತಲಲ್ಲಿ ಇಟ್ಟರೆ ಹೂವಿಗೆ ತಿರುಗುತ್ತದೆ. ಮದ್ದು ಇರುವುದು ಆ ಹೂವಿನಲ್ಲಿ. ಯಾವಾಗ ತಿರುಗಿಸಬೇಕು ಎಂದು ಬೇಲಿಯ ಮೇಲಿಂದಲೇ ಇಲ್ಕಾ ಹೇಳಿದ್ದಳು.

"ಮೊಣಕಾಲುದ್ದ ಬಂದ ತಕ್ಷಣ ತಿರುಗಿಸಿಬಿಡಿ ಹೌಬೋಲ್ಡ್ ಅವರೇ."

"ಯಾರ ಮೊಣಕಾಲು? ನಿಮ್ದಾ, ನನ್ದಾ? ಇದೆಂಥಾ ಅಳತೆ?"

"ಅಯ್ಯೋ, ನಾಯಿ ಮೊಣಕಾಲು ಅಂತಿಟ್ಕೊಳ್ಳಿ! ಆಮೇಲೂ ಅದು ಸರಸರ ಉದ್ದ ಬೆಳೆಯುತ್ತೆ, ಅದಕ್ಕೇ ಹೇಳಿದ್ದು."

ಅಳತೆಯೇ ಇಲ್ಲದ ಮಾತು ಅವನ ತಲೆಗೆ ಇಳಿಯಲಿಲ್ಲ. ಹೂ ಬಿಟ್ಟ ಬೇಲಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಇಪ್ಪತ್ತಾರು ವರ್ಷ ಕಣ್ಣಾರೆ ಕಂಡ ಸತ್ಯ. ಹೂವು ಹೆಚ್ಚಾಗಲಿ ಎಂದು ಎಪ್ಪತ್ತು ಸೆಂಟಿಮೀಟರ್ ಆಗುವವರೆಗೆ ಬೆಳೆಸಿ, ಸೆಪ್ಟೆಂಬರ್ ಒಂದನೇ ತಾರೀಕು ಬೆಳಕು ತಗ್ಗಿಸಿದ.

ವಾರ ಕಳೆಯುವಷ್ಟರಲ್ಲಿ ಎಂಬತ್ತೆಂಟಾಯಿತು. ಹನ್ನೆರಡನೇ ದಿನ ನೂರೆಂಟು. ಬೆಳಿಗ್ಗೆ ಏಳಕ್ಕೆ ಬೀರು ತೆರೆದು ಅಳೆದವನಿಗೆ ನಂಬಿಕೆ ಬರದೆ ಮಧ್ಯಾಹ್ನ ಮತ್ತೆ ಅಳೆದರೆ, ಅಷ್ಟರಲ್ಲೇ ಇನ್ನೊಂದು ಸೆಂಟಿಮೀಟರ್. ದೀಪದ ಸರಪಳಿಯನ್ನು ಒಂದೊಂದೇ ಕೊಂಡಿ ಮೇಲೇರಿಸಿದ. ಕೊಂಡಿಗಳು ಮುಗಿದವು. ಕುಂಡದ ಕೆಳಗಿನ ತಟ್ಟೆ ತೆಗೆದ, ಬೀರುವಿನ ತಳದ ಹಲಗೆಯನ್ನೂ ತೆಗೆದ. ಅಷ್ಟೆಲ್ಲ ಮಾಡಿ ಗಳಿಸಿದ ನಾಲ್ಕು ಸೆಂಟಿಮೀಟರನ್ನು ಗಿಡಗಳು ಎರಡೇ ದಿನದಲ್ಲಿ ನುಂಗಿ ನೀರು ಕುಡಿದವು.

"ಅಲ್ಲಾ, ಹೂವಿಗೆ ತಿರುಗಿದ ಮೇಲೂ ಬೆಳೀತಾವಲ್ಲ, ಇವಕ್ಕೇನು ದೊಡ್ಡರೋಗ ಬಂದಿರೋದು!" ಎಂದು ಬೀರುವಿನೊಳಗೆ ತಲೆ ಹಾಕಿ ಕೂಗುತ್ತಿದ್ದ. ಎಪ್ಪತ್ತೊಂದರ ವಯಸ್ಸಿನಲ್ಲಿ ಗಿಡದ ಮುಂದೆ ನಿಂತು ಹಲ್ಲು ಕಡಿಯುವ ಗತಿ ಬಂತಲ್ಲ ಎಂದು ತನ್ನ ಮೇಲೇ ಸಿಟ್ಟು. ಇಲ್ಕಾಳನ್ನು ಕೇಳಿದರೆ ಒಂದು ನಿಮಿಷದ ಕೆಲಸ. ಆದರೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಹದಿನೆಂಟನೇ ದಿನ ಬೆಳಿಗ್ಗೆ ಬೀರು ತೆರೆದರೆ ಮೂರೂ ಗಿಡದ ತುದಿಗಳು ದೀಪಕ್ಕೆ ಮೂತಿ ಒತ್ತಿಕೊಂಡು ನಿಂತಿದ್ದವು. ತುದಿಯೆಲೆಗಳು ಬಿಳಚಿ ಮುರುಟಿದ್ದವು. ಸೀಗ್ಮಾರನ ತಾಳ್ಮೆ ಅಲ್ಲಿಗೆ ಮುಗಿಯಿತು. ನೇರ ತೋಟಕ್ಕೆ ಸೈಕಲ್ ತುಳಿದು ಬೇಲಿ ಕತ್ತರಿ ತಂದ. ಬೀರುವಿನ ಈ ಬದಿಯಿಂದ ಆ ಬದಿಗೆ ದಾರ ಬಿಗಿದು, ಗೆರೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಮೊದಲನೆಯದನ್ನು ಕತ್ತರಿಸಿದ. ಎರಡನೆಯದನ್ನೂ ಕತ್ತರಿಸಿದ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಮೂರನೆಯದರ ಕಾಂಡಕ್ಕೆ ಕತ್ತರಿ ಒಡ್ಡುವಾಗ ರೋಸ್ವಿಟಾ ಬಾಗಿಲಿಗೆ ಬಂದಳು.

"ಏನ್ ಮಾಡ್ತಿದೀಯಾ?"

"ಎತ್ತರ ಸರಿ ಮಾಡ್ತಿದೀನಿ."

ನೆಲದಲ್ಲಿ ಬಿದ್ದಿದ್ದ ಒಂದು ತುದಿಯನ್ನು ಅವಳು ಬಗ್ಗಿ ಎತ್ತಿಕೊಂಡಳು. ಬೆರಳ ಗಾತ್ರದ ಎಳೇ ಮೊಗ್ಗುಗಳು, ಬಿಳೀ ಕೂದಲು ಕೂದಲಾಗಿ ತುಪ್ಪಳ.

"ಸೀಗ್ಮಾರ್, ಹೂವು ಬರೋದು ಈ ತುದೀಲಲ್ವಾ?"

ಅವನು ಕತ್ತರಿ ಹಿಡಿದಂತೆಯೇ ನಿಂತ. ಕತ್ತರಿಸಿದ ಎರಡು ಗಿಡಗಳು ಬೋಳು ಕಡ್ಡಿಗಳಾಗಿ ಅವನನ್ನೇ ನೋಡುತ್ತಿದ್ದವು.

ಮಧ್ಯಾಹ್ನ ರೋಸ್ವಿಟಾಳೇ ಫೋನು ಮಾಡಿ ಇಲ್ಕಾಳನ್ನು ಕರೆಸಿದಳು. ಪಾಳಿ ಮುಗಿಸಿ ಟ್ರಾಮಿನ ಸಮವಸ್ತ್ರದಲ್ಲೇ ಬಂದವಳು ಬೀರುವಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಭೇಷ್! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಹೌಬೋಲ್ಡ್ ಅವರೇ. ಮಟ್ಟ ಮಾತ್ರ ಭಾರಿ ಚೆನ್ನಾಗಿ ಬಂದಿದೆ!"

"ಬೈಯೋದು ಆಮೇಲೆ ಇಟ್ಕೊಳ್ಳಿ. ಏನು ಉಳೀತು, ಹೇಳಿ."

"ಈ ಎರಡರಲ್ಲಿ ಕೆಳಗಡೆ ಕಡಲೆಕಾಳಿನಷ್ಟು ಬಂದ್ರೆ ಬಂತು. ಉಳಿದಿರೋದು ಇದೊಂದೇ."

ಅವಳು ಮೂರನೆಯ ಗಿಡದ ಪಕ್ಕದ ಕೊಂಬೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹೊಸಕಿದಳು. ಒಳಗಿನ ದಂಟು ನಲುಗಿದ ಸಣ್ಣ ಸದ್ದಿಗೆ ಸೀಗ್ಮಾರ್ ಮುಖ ಹಿಂಡಿದ. ಕೊಂಬೆ ಮುರಿಯದೆ ಬಾಗಿತು, ಅದನ್ನು ಅಡ್ಡಕ್ಕೆ ಮಲಗಿಸಿ ದಾರದಿಂದ ಕುಂಡದ ಅಂಚಿಗೆ ಕಟ್ಟಿದಳು. ಹಾಗೇ ನಾಲ್ಕು ಕೊಂಬೆ. ನಡುವಿನ ಕಾಂಡಕ್ಕೆ ಬಂದಾಗ ಕೈ ಹಿಂದೆಗೆದಳು.

"ಇದು ಬಲಿತುಬಿಟ್ಟಿದೆ. ಎರಡು ವಾರ ಮುಂಚೆ ಕರೆದಿದ್ರೆ ಬಗ್ಗಿಸ್ತಿದ್ದೆ. ಈಗ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ಅದನ್ನು ಆ ಕೋಣೆಯಲ್ಲಿ ಯಾರ ಬಗ್ಗೆ ಬೇಕಾದರೂ ಹೇಳಬಹುದಿತ್ತು.

"ಇನ್ನೂ ಎಷ್ಟು ಬೆಳೆಯುತ್ತೆ?" ರೋಸ್ವಿಟಾ ಕೇಳಿದಳು.

"ಒಂದು ಮೊಳ. ಆಮೇಲೆ ನಿಲ್ಲುತ್ತೆ. ಕೊಯ್ಲಿಗೆ ಇನ್ನೂ ಏಳು ವಾರ ಬೇಕು. ಅಲ್ಲೀವರೆಗೆ ತುದಿ ಸುಡದೇ ಇದ್ರೆ ನಿಮಗೆ ಚಳಿಗಾಲಕ್ಕಾಗೋಷ್ಟು ಸಿಗುತ್ತೆ."

"ಬೀರುವಿನಿಂದ ಹೊರಗಿಟ್ರೆ?"

"ರಾತ್ರಿ ನೀವು ದೀಪ ಹಚ್ಕೊಂಡು ಓಡಾಡ್ತೀರಲ್ಲ, ಕತ್ತಲು ಕೆಟ್ರೆ ಹೂವೂ ಕೆಡುತ್ತೆ. ಬೀರುವಿನ ಮೇಲಿನ ಹಲಗೆ ತೆಗೆದು ದೀಪಾನ ಮೇಲೇರಿಸಿ. ಬೇರೆ ದಾರಿ ನಂಗಂತೂ ಕಾಣಲ್ಲ."

"ತೆಗೆಯೋಕೆ ಬರಲ್ಲ. ಕಚ್ಚು ಹಾಕಿ ಕೂರಿಸಿದ್ದು, ಗರಗಸ ಹಾಕಬೇಕಾಗುತ್ತೆ," ಸೀಗ್ಮಾರ್ ಅಂದ. "ಪೋಸ್ಟಲ್ಲಿ ಎತ್ತರದ ಡೇರೆ ತರಿಸ್ತೀನಿ. ಹತ್ತು ದಿನದಲ್ಲಿ ಬರುತ್ತೆ."

"ಹತ್ತು ದಿನಕ್ಕೆ ಇದು ದೀಪದ ಮೇಲೆ ಬೇಯ್ತಿರುತ್ತೆ," ಎಂದು ಹೇಳಿ ಇಲ್ಕಾ ಚೀಲ ಹೆಗಲಿಗೇರಿಸಿ ಹೊರಟಳು.

ಬಾಗಿಲು ಮುಚ್ಚಿದ ಮೇಲೆ ರೋಸ್ವಿಟಾ ಅಂದಳು, "ಗರಗಸ ತಗೊಂಡು ಬಾ."

"ನಿಮ್ಮಪ್ಪ ಮಾಡಿದ ಬೀರು ಕಣೇ ಇದು. ನಲವತ್ತಾರು ವರ್ಷ ಒಂದು ಗೀರು ಬೀಳದ ಹಾಗೆ ಇಟ್ಟಿದೀವಿ. ಇದನ್ನ ಹೇಗೆ ಕೊಯ್ಲಿ?"

"ಗಿಡಾನ ಹೇಗೆ ಕೊಯ್ದೆ?"

ಅವನು ಗರಗಸ ತಂದ. ಹಳೆಯ ಓಕ್ ಮರ ಕಬ್ಬಿಣದಂತಿತ್ತು. ಗರಗಸ ಎರಡು ಸಲ ಕಚ್ಚಿಕೊಂಡಿತು, ಮೂರನೇ ಸಲ ಕೈ ತರಚಿತು. ಮಾವನಿಗೂ, ಗಿಡಕ್ಕೂ, ಸೆಂಟಿಮೀಟರ್ ಕಂಡುಹಿಡಿದವನಿಗೂ ಬೈಯುತ್ತಾ ಒಂದೂವರೆ ಗಂಟೆ ಕೊಯ್ದ. ಹಲಗೆ ಕೆಳಗೆ ಬಂತು, ದೀಪ ಚಾವಣಿಯ ಕೊಕ್ಕೆಗೆ ಏರಿತು. ಬೀರುವಿನ ಮೇಲೆ ಈಗ ಬಾಯಿ ತೆರೆದ ಬಾವಿಯಷ್ಟು ಜಾಗ. ಅಲ್ಲಿಂದ ರಾತ್ರಿಯ ಬೆಳಕೆಲ್ಲ ಒಳಗೆ ಸುರಿಯುವಂತಿತ್ತು. ನಾಲ್ಕು ಪಟ್ಟಿ ನಿಲ್ಲಿಸಿ ಏನಾದರೂ ದಪ್ಪನೆಯದನ್ನು ಸುತ್ತ ಹೊದೆಸಬೇಕು. ಶನಿವಾರದ ಸಂಜೆ, ಅಂಗಡಿ ಮುಚ್ಚಿತ್ತು, ಏಳಕ್ಕೆ ಗಿಡದ ಹನ್ನೆರಡು ಗಂಟೆಯ ಕತ್ತಲು ಶುರುವಾಗಬೇಕು.

ರೋಸ್ವಿಟಾ ಪಕ್ಕದ ಕೋಣೆಯಿಂದ ಪೆಟ್ಟಿಗೆಯನ್ನು ಕಾಲಿನಲ್ಲಿ ತಳ್ಳಿಕೊಂಡು ಬಂದಳು. ಕಪ್ಪು ಉಣ್ಣೆಯ ಉದ್ದ ಕೋಟು, ನಾಟಕಕ್ಕೆ ಹೋಗುವಾಗ ಹಾಕುತ್ತಿದ್ದ ಮಖಮಲ್ಲಿನ ಲಂಗ, ಮಗಳ ಮದುವೆಗೆ ಹೊಲಿಸಿದ ಕಡುನೀಲಿಯ ಕೋಟು. ಮೈಗೆ ತಾಗದಂತೆ ಕೈ ಚಾಚಿ ಹಿಡಿದು ಒಂದೊಂದಾಗಿ ಏಣಿಯ ಮೇಲಿದ್ದ ಅವನಿಗೆ ಕೊಟ್ಟಳು.

"ಇದಕ್ಕಾ ಮೊಳೆ ಹೊಡೀಲಿ? ತೂತು ಬೀಳುತ್ತೆ ರೋಸಿ. ಇದು ನಿನ್ನ ಒಳ್ಳೇ ಕೋಟು. ಈ ಚಳಿಗಾಲಕ್ಕೆ ಏನು ಹಾಕ್ಕೋತೀಯಾ?"

"ಬರೀ ಹತ್ತಿ ಅಂಗಿ ತಾಗಿದ್ರೆ ಕಿರುಚ್ಕೋತೀನಿ ಸೀಗ್ಮಾರ್. ಒಂಬತ್ತು ತಿಂಗಳಾಯ್ತು, ಇದೇ ಹರಕು ನೈಟಿ. ನಂಗೆ ಕೋಟು ಬೇಡ. ನಂಗೆ ನಿದ್ದೆ ಬೇಕು."

ಅವನು ಕೋಟನ್ನು ಎದೆಗೊತ್ತಿಕೊಂಡು ಏಣಿಯ ಮೇಲೆ ನಿಂತೇ ಇದ್ದ.

"ಏಳು ಗಂಟೆಗೆ ಐದು ನಿಮಿಷ ಇದೆ," ರೋಸ್ವಿಟಾ ಅಂದಳು. "ಹೊಡಿ."

ಅವನು ಹೊಡೆದ.