ಇಲ್ಲದ ಪುಸ್ತಕಗಳ ವಹಿ

ಗುರುವಾರ, ಬೆಳಗಿನ ಆರೂಮುಕ್ಕಾಲು. ಮುಂಬೈ ಫೋರ್ಟಿನ ಬೀದಿಯಲ್ಲಿ ಉಡುಪಿ ಹೋಟೆಲಿನವರು ಹಾಲಿನ ಕ್ರೇಟು ಇಳಿಸಿಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮುಲುಂಡಿನಿಂದ ಲೋಕಲ್ ರೈಲು ಹಿಡಿದು ಬಂದ ಗಂಗುಬಾಯಿ ಹಳೆಯ ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆಯುತ್ತಾರೆ. ದಿನವೂ ಮೊದಲು ಕಿಟಕಿ, ಆಮೇಲೆ ಕಸಬರಿಗೆ, ಆಮೇಲೆ ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳು. ಇವತ್ತು ಕಿಟಕಿಗಳು ಮುಚ್ಚಿಯೇ ಇವೆ. ಅವರು ಮೊಣಕಾಲು ಹಿಡಿದುಕೊಂಡು ಮೂರು ಮಹಡಿಯ ಕಬ್ಬಿಣದ ಮೆಟ್ಟಿಲು ಹತ್ತಿ, ಮೂಲೆಯ ಕಪಾಟಿನಿಂದ ಹನ್ನೊಂದನೆಯ ನಂಬರಿನ ನೋಟುಬುಕ್ಕನ್ನು ಎಳೆಯುತ್ತಾರೆ. 2009ರ ಆಗಸ್ಟ್ ತಿಂಗಳು. ಅಲ್ಲಿರುವ ಒಂಬತ್ತು ತಾರೀಖುಗಳ ಮೇಲೆ ಬೆರಳಾಡಿಸುತ್ತ ನಿಂತುಬಿಡುತ್ತಾರೆ.

ಸಂಜೆ ಐದರೊಳಗೆ ಅವರು ಒಂದು ಕಾಗದಕ್ಕೆ ಸಹಿ ಹಾಕಬೇಕು. ‘ಈ ಮಾಹಿತಿಯೆಲ್ಲ ಆಯಾ ದಿನವೇ ಬರೆದದ್ದು, ಆಮೇಲೆ ಸೇರಿಸಿದ್ದು ಏನೂ ಇಲ್ಲ’ ಎಂಬ ಕಾಗದ ಅದು. ಆ ಒಂಬತ್ತು ದಿನಗಳ ಮಟ್ಟಿಗೆ ಅದು ಸುಳ್ಳೆಂದು ಗೊತ್ತಿರುವುದು ಇಡೀ ಮುಂಬೈಯಲ್ಲಿ ಅವರೊಬ್ಬರಿಗೇ.

ಗಂಗುಬಾಯಿಗೆ ಈಗ ಐವತ್ತೇಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. ಗಂಡ ಗುರಲಿಂಗಪ್ಪ ಇದೇ ಗ್ರಂಥಾಲಯದಲ್ಲಿ ಅಟೆಂಡರ್ ಆಗಿದ್ದವರು. ಅವರು ತೀರಿಕೊಂಡ ಮರುವರ್ಷ, 2001ರಲ್ಲಿ, ಆ ಕೆಲಸ ಹೆಂಡತಿಗೆ ಬಂತು. ಕೆಲಸ ಕೇಳಲು ಸುಲಭ: ಓದುಗ ಚೀಟಿ ಕೊಡುತ್ತಾನೆ, ಅಟೆಂಡರ್ ಮೇಲೆ ಹೋಗಿ ಪುಸ್ತಕ ಹುಡುಕಿ ತರುತ್ತಾಳೆ. ಸಿಗದಿದ್ದರೆ ಚೀಟಿಯ ಮೇಲೆ ‘ಇಲ್ಲ’ ಎಂದು ಬರೆದರೆ ಮುಗಿಯಿತು, ಚೀಟಿ ಕಸದ ಬುಟ್ಟಿಗೆ.

“ಒಬ್ರು ವಕೀಲ ಸಾಹೇಬ್ರು ಒಂದ ಪುಸ್ತಕ ನಾಕ ಸಲ ಕೇಳಿದ್ರುರಿ. ನಾಕೂ ಸಲ ಮೂರ ಮಜಲಾ ಹತ್ತಿ ಇಳದೆ. ಇಲ್ಲ! ಐದನೇ ಸಲ ಹತ್ತಬಾರದಂತ ಒಂದ ವಹಿಯಾಗ ಬರ್ಕೊಂಡೆ. ಮೊಣಕಾಲಿನ ಸಲುವಾಗಿ ಶುರು ಆಗಿದ್ದು ನೋಡ್ರಿ ಇದು,” ಎಂದು ಗಂಗುಬಾಯಿ ನಗುತ್ತಾರೆ. ವಹಿ ಅಂದರೆ ಅವರ ಭಾಷೆಯಲ್ಲಿ ನೋಟುಬುಕ್ಕು.

ಅಂಥ ತುಂಬಿದ ವಹಿಗಳು ಈಗ ಮೂವತ್ತೊಂದು. ಇಪ್ಪತ್ನಾಲ್ಕು ವರ್ಷಗಳಲ್ಲಿ ಜನ ಕೇಳಿದ, ಆದರೆ ಕಪಾಟಿನಲ್ಲಿ ಸಿಗದ ಪುಸ್ತಕಗಳ ನಲವತ್ತೊಂದು ಸಾವಿರಕ್ಕೂ ಹೆಚ್ಚು ಸಾಲುಗಳು, ದಿನಕ್ಕೆ ಸರಾಸರಿ ಆರು. ಇಂಗ್ಲಿಷ್ ಇರಲಿ, ಮರಾಠಿ ಇರಲಿ, ಗುಜರಾತಿ ಇರಲಿ, ಓದುಗನ ಬಾಯಲ್ಲಿ ಹೆಸರು ಹೇಳಿಸಿ ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ. ಆ ಪುಸ್ತಕ ಮುಂದೆಂದಾದರೂ ಬಂದರೆ ಸಾಲಿನ ಮೇಲೆ ಕೆಂಪು ಗೀಟು. ಕೆಂಪು ಗೀಟುಗಳು ಬಹಳ ಕಡಿಮೆ.

ಇದರ ಬೆಲೆ ಗೊತ್ತಾದದ್ದು ಶುಭಾಂಗಿಗೆ. ಧಾರವಾಡ ಮೂಲದ ಮನೆತನ, ಹುಟ್ಟಿ ಬೆಳೆದದ್ದು ಮುಲುಂಡ್, ಇಲ್ಲಿ ಸಹಾಯಕ ಗ್ರಂಥಪಾಲಕಿ. ಕನ್ನಡ ತಡವರಿಸಿ ಮಾತಾಡುತ್ತಾರೆ, ಓದಲು ಬಾರದು. ಮೂರು ವರ್ಷದ ಹಿಂದೆ ಮಳೆನೀರು ಸೋರಿ ಕಪಾಟು ಖಾಲಿ ಮಾಡುವಾಗ ವಹಿಗಳು ಅವರ ಕೈಗೆ ಸಿಕ್ಕವು, ಏನೆಂದು ಗಂಗುಬಾಯಿ ಓದಿ ಹೇಳಿದರು. ಗ್ರಂಥಾಲಯಗಳೆಲ್ಲ ಕೊಟ್ಟ ಪುಸ್ತಕಗಳ ಲೆಕ್ಕ ಇಡುತ್ತವೆ, ಕೊಡಲಾಗದೆ ಕೈಚೆಲ್ಲಿದ್ದನ್ನು ಯಾರು ಬರೆದಿಡುತ್ತಾರೆ? ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಶುಭಾಂಗಿಗೆ ಒಂದು ಸಂಶೋಧನಾ ಲೇಖನ ಅಚ್ಚಾಗದೆ ಪ್ರಬಂಧ ಒಪ್ಪಿಸುವಂತಿರಲಿಲ್ಲ. ಎರಡು ವರ್ಷ ಊಟದ ಬಿಡುವಿನಲ್ಲಿ ಗಂಗುಬಾಯಿ ಓದಿ ಹೇಳಿದರು, ಶುಭಾಂಗಿ ಟೈಪ್ ಮಾಡಿದರು. ಲೇಖಕರ ಜಾಗದಲ್ಲಿ ಇಬ್ಬರ ಹೆಸರೂ ಹಾಕಿದರು.

ಮೊದಲ ಪತ್ರಿಕೆ ವಾರದೊಳಗೆ ವಾಪಸ್ ಕಳಿಸಿತು. ಅಟೆಂಡರ್ ಒಬ್ಬಳ ಡೈರಿಯನ್ನು ಸಂಶೋಧನೆ ಅನ್ನಲಾಗದಂತೆ! ಎರಡನೆಯದು ತ್ರೈಮಾಸಿಕ. ಅದರ ಪರಿಶೀಲಕರು ಎಂಟು ತಿಂಗಳು ಪ್ರಶ್ನೆ ಕೇಳಿದರು. ಎರಡನೆಯ ಲೇಖಕಿಯ ಅರ್ಹತೆ ಏನು ಎಂಬ ಪ್ರಶ್ನೆಗೆ ಶುಭಾಂಗಿ ‘ಇಪ್ಪತ್ನಾಲ್ಕು ವರ್ಷ’ ಎಂದಷ್ಟೇ ಬರೆದರು. ಮಾಹಿತಿಯನ್ನು ಹೇಗೆ ಸಂಗ್ರಹಿಸಿದಿರಿ ಎಂಬ ಪ್ರಶ್ನೆ ಬಂದಾಗಲೆಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಗಂಗುಬಾಯಿ ಹನ್ನೊಂದನೆಯ ವಹಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರು. ಕೊನೆಗೆ ಲೇಖನ ಒಪ್ಪಿಗೆಯಾಯಿತು. ಉಳಿದದ್ದು ಆ ಒಂದು ಸಹಿ, ಗುರುವಾರ ಸಂಜೆ ಐದರೊಳಗೆ.

ನಡೆದದ್ದು ಇಷ್ಟು. 2009ರ ಆಗಸ್ಟಿನಲ್ಲಿ ಚಿಕೂನ್‌ಗುನ್ಯಾ ಬಂದು ಗಂಗುಬಾಯಿ ಒಂಬತ್ತು ದಿನ ಮಲಗಿದ್ದರು. ಬದಲಿಗೆ ಬಂದವನು ವಹಿ ಮುಟ್ಟಲಿಲ್ಲ. ವಾಪಸ್ ಬಂದಾಗ ಒಂಬತ್ತು ತಾರೀಖುಗಳು ಖಾಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕದ ಒಂದು ಖಾಲಿ ಮನೆಗಾಗಿ ಮೆಮೊ ತಿಂದು ಅತ್ತಿದ್ದ ಹೆಂಗಸು ಅವರು. ರಿಜಿಸ್ಟರಿನಲ್ಲಿ ಖಾಲಿ ಬಿಡುವುದು ಅಪರಾಧ, ತುಂಬುವುದಲ್ಲ ಎಂದು ಕಚೇರಿಯೇ ಕಲಿಸಿತ್ತು. ಜನ ಸಾಮಾನ್ಯವಾಗಿ ಕೇಳುವ ಪುಸ್ತಕಗಳನ್ನು ನೆನೆನೆನೆದು ಐವತ್ತೆಂಟು ಸಾಲು ಬರೆದುಬಿಟ್ಟರು.

“ಆವಾಗ ಅದು ನನ್ನ ವಹಿ ಇತ್ರಿ, ಯಾರಿಗೆ ಏನಾಗಬೇಕಿತ್ತು?” ಎನ್ನುತ್ತಾರೆ. “ಶುಭಾಂಗಿ ಮ್ಯಾಡಮ್ಮಗ ಓದಿ ಹೇಳೂವಾಗ ಆ ಪುಟ ಬಂತು. ನಾ ಒಂದ ಗಳಿಗಿ ನಿಂತೆ. ‘ಪುಢೇ, ಮಾವ್ಶಿ, ಪುಢೇ’ ಅಂದ್ರು ಅವರು, ಮುಂದ ಓದ್ರಿ ಚಿಗವ್ವ ಅಂತ. ಓದಿಬಿಟ್ಟೆ. ಅವತ್ತಿನಿಂದ ಅನ್ನ ರುಚಿಸಿಲ್ರಿ ನನಗ.” ಬಾಯೊಳಗಿನ ಬಿಸಿ ತುಪ್ಪ ಅದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಎಂಟಕ್ಕೆ ಗ್ರಂಥಾಲಯ ತೆರೆಯುತ್ತದೆ. ಗಂಗುಬಾಯಿ ಚೀಟಿ ತೆಗೆದುಕೊಳ್ಳುತ್ತಾರೆ, ಹತ್ತುತ್ತಾರೆ, ಇಳಿಯುತ್ತಾರೆ. ಒಂದು ಗಂಟೆಗೆ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ತಿಂದು ಮುಚ್ಚುತ್ತಾರೆ. ಕೆಳಗೆ ಶುಭಾಂಗಿ ಖುಷಿಯಲ್ಲಿದ್ದಾರೆ, ಮನೆಗೆ ಫೋನ್ ಮಾಡಿ ಸಂಜೆ ಪೇಢಾ ತರುತ್ತೇನೆ ಎಂದಿದ್ದೂ ಆಗಿದೆ.

ಮೂರೂವರೆಗೆ ಕಾಗದ ಮೇಜಿನ ಮೇಲೆ ಬರುತ್ತದೆ. ಶುಭಾಂಗಿ ಸಾಲು ಸಾಲು ಅರ್ಥ ಹೇಳಿ ಪೆನ್ನು ಕೊಡುತ್ತಾರೆ. ಗಂಗುಬಾಯಿ ಪೆನ್ನು ಹಿಡಿಯುತ್ತಾರೆ, ಮತ್ತೆ ಕೆಳಗಿಡುತ್ತಾರೆ.

“ಮ್ಯಾಡಮ್, ಒಂದ ಮಾತ ಹೇಳ್ತೀನಿ. ಬೈರಿ, ಆದ್ರ ಪೂರಾ ಕೇಳಿ ಬೈರಿ.”

ಹೇಳಿ ಮುಗಿಸಲು ಎರಡು ನಿಮಿಷ ಸಾಕಾಗುತ್ತದೆ. ಶುಭಾಂಗಿ ಎದ್ದು ಹೋಗಿ ಬಾಗಿಲು ಹಾಕಿ ಬರುತ್ತಾರೆ.

“ಇಷ್ಟು ದಿವಸ ಯಾಕೆ ಹೇಳಲಿಲ್ಲ, ಮಾವ್ಶಿ? ಆಜ್ ಹೀ ಕ್ಯೂಂ? ಇವತ್ತೇ ಯಾಕೆ?” ಆಮೇಲೆ ದನಿ ಇಳಿಸುತ್ತಾರೆ: “ಐವತ್ತೆಂಟೇ ಅಲ್ವಾ? ನಲವತ್ತೊಂದು ಸಾವಿರದಲ್ಲಿ ಏನೂ ಫರಕ್ ಆಗಲ್ಲ. ಸಹಿ ಹಾಕಿ. ಕಿಸೀಕೊ ಪತಾ ನಹೀಂ ಚಲೇಗಾ, ಯಾರಿಗೂ ಗೊತ್ತಾಗಲ್ಲ. ಅಲ್ಲಿ ಯಾರಿಗೆ ಕನ್ನಡ ಓದಕ್ಕೆ ಬರತ್ತೆ?”

“ಹೌದ್ರಿ, ಓದಾಕ ಬರೂದು ನನಗೊಬ್ಬಾಕಿಗೆ. ಅದಕ್ಕ ಹೇಳಾಕತ್ತೀನಿ,” ಎನ್ನುತ್ತಾರೆ ಗಂಗುಬಾಯಿ. “ಬ್ಯಾರೇದವ್ರು ಓದೂಹಂಗ ಇದ್ರ ಅವರು ಹಿಡೀತಿದ್ರು. ಇಲ್ಲಿ ನಾನ ಹಿಡೀಬೇಕಲ್ರಿ.”

ಗಡಿಯಾರ ಮೂರೂ ಐವತ್ತು ತೋರಿಸುತ್ತದೆ. ಶುಭಾಂಗಿ ಕೇಳುವುದು ಒಂದೇ ಪ್ರಶ್ನೆ: “ಇನ್ನೆಲ್ಲಾದರೂ ಹೀಗೆ ಮಾಡಿದ್ದೀರಾ?” ಗಂಗುಬಾಯಿ, “ಸಿದ್ದೇಶ್ವರನಾಣಿ ಇಲ್ರಿ,” ಎನ್ನುತ್ತಾರೆ. ಶುಭಾಂಗಿ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಒಂಬತ್ತು ದಿನ ತೆಗೆಯಬೇಕು, ಆ ವರ್ಷದ ಮೊತ್ತ, ಒಟ್ಟು ಮೊತ್ತ, ನಾಲ್ಕು ಕೋಷ್ಟಕ ತಿದ್ದಬೇಕು, ಸಂಪಾದಕರಿಗೆ ನಿಜ ಬರೆಯಬೇಕು. ಗಂಗುಬಾಯಿ ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಓದುತ್ತಾರೆ, ಶುಭಾಂಗಿ ಒಂದೊಂದೇ ಅಳಿಸುತ್ತಾರೆ. ನಾಲ್ಕೂವರೆಗೆ ಇಂಟರ್‌ನೆಟ್ ಕೈಕೊಡುತ್ತದೆ. ಶುಭಾಂಗಿಯ ಮೊಬೈಲಿನಿಂದ ಮೇಲ್ ಹೊರಡುವಾಗ ನಾಲ್ಕೂ ಐವತ್ತಾರು. ಸಹಿಯ ಕಾಗದದ ಬದಲು ಅದರಲ್ಲಿ ಗಂಗುಬಾಯಿ ತಪ್ಪೊಪ್ಪಿಕೊಂಡ ಮಾತುಗಳಿವೆ.

ಆ ಸಂಜೆ ಪೇಢಾ ಇಲ್ಲ. ಇಬ್ಬರೂ ಒಂದೇ ಲೋಕಲಿನಲ್ಲಿ ಮುಲುಂಡಿಗೆ ಹೋಗುತ್ತಾರೆ. ಮುಂದಿನ ಎಂಟು ದಿನ ಗಂಗುಬಾಯಿ ದಿನಕ್ಕೆ ಹತ್ತು ಸಲ ಶುಭಾಂಗಿಯ ಮುಖ ನೋಡುತ್ತಾರೆ, ಕೇಳುವುದಿಲ್ಲ. ಆ ಹುಡುಗಿಯ ಐದು ವರ್ಷದ ಓದನ್ನು ತಾನು ಹೊಳೆಗೆ ಹಾಕಿದೆನೆಂಬ ಸಂಕಟ ಅವರದು.

ಒಂಬತ್ತನೆಯ ದಿನ ಉತ್ತರ ಬರುತ್ತದೆ. ಲೇಖನ ಅಚ್ಚಾಗುತ್ತದೆ, ಆದರೆ ಮೊದಲ ಪುಟದಲ್ಲೇ ಅಡಿಟಿಪ್ಪಣಿ ಹಾಕಬೇಕು. ‘ಕೆಲವು ದಿನಗಳನ್ನು ಕೈಬಿಟ್ಟಿದೆ’ ಎಂದಷ್ಟೇ ಬರೆಯೋಣ ಎಂದರು ಶುಭಾಂಗಿ. ಗಂಗುಬಾಯಿ ಒಪ್ಪಲಿಲ್ಲ. ಈಗ ಅಚ್ಚಿನಲ್ಲಿ ಹೀಗಿದೆ: ಒಂಬತ್ತು ದಿನಗಳ ಐವತ್ತೆಂಟು ನಮೂದುಗಳನ್ನು ಎರಡನೆಯ ಲೇಖಕಿ ಗಂಗುಬಾಯಿ ಊಹೆಯಿಂದ ತುಂಬಿದ್ದರು, ಅವರೇ ತಿಳಿಸಿದ್ದರಿಂದ ತೆಗೆದುಹಾಕಲಾಗಿದೆ. “ಮ್ಯಾಲಿನ ಇಂಗ್ಲಿಷ್ ಎಲ್ಲಾ ಮ್ಯಾಡಮ್ಮಂದು. ತೆಳಗಿನ ಆ ಸಾಲ ಐತಲ್ರಿ, ಅದು ನಂದು,” ಎಂದು ಬೆರಳಿಟ್ಟು ತೋರಿಸುತ್ತಾರೆ.

ತೋರಿಸುವುದು ಶುಭಾಂಗಿಯ ಮೊಬೈಲಿನಲ್ಲಿ. ಆ ತ್ರೈಮಾಸಿಕವನ್ನು ಈ ಗ್ರಂಥಾಲಯ ತರಿಸುವುದನ್ನು ನಿಲ್ಲಿಸಿ ಆರು ವರ್ಷವಾಗಿದೆ. ಮುಂದಿನ ಮಾರ್ಚಿಗೆ ಗಂಗುಬಾಯಿಯ ನಿವೃತ್ತಿ.

ಕಳೆದ ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಅವರು ಒಂದು ಚೀಟಿ ತೆಗೆದುಕೊಂಡರು. ಇಷ್ಟು ವರ್ಷದಲ್ಲಿ ಮೊದಲ ಸಲ, ಓದುಗರ ಹೆಸರು ಎಂಬಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಬರೆದು, ಆ ಪತ್ರಿಕೆಯ ಹೆಸರು, ಸಂಚಿಕೆ ಬರೆದರು. ಸಿಗುವುದಿಲ್ಲವೆಂದು ಗೊತ್ತಿದ್ದೂ ಮೂರು ಮಹಡಿ ಹತ್ತಿ ನೋಡಿ ಇಳಿದು ಬಂದರು. ಮೂವತ್ತೆರಡನೆಯ ವಹಿ ತೆರೆದು ಅವತ್ತಿನ ತಾರೀಖಿನ ಮೊದಲ ಸಾಲಾಗಿ ಅದನ್ನು ಬರೆದರು, ಎದುರಿಗೆ ‘ಇಲ್ಲ’.

“ಮ್ಯಾಲ ಹತ್ತಿ ನೋಡದನ ಬರದ್ರ ಸುಳ್ಳಾಗ್ತದಲ್ರಿ,” ಎಂದರು ಮೊಣಕಾಲು ನೀವಿಕೊಳ್ಳುತ್ತ. “ಮಾರ್ಚದೊಳಗ ತರಿಸಿದ್ರ ಕೆಂಪ ಗೀಟ ನಾನ ಹೊಡದು ಹೋಗ್ತೀನಿ.”