ಹೆಸರಿಲ್ಲದ ಬಟನ್

ನನಗೆ ಕಣ್ಣು ಕಾಣುವುದಿಲ್ಲ. ನ್ಯಾಮತಿಯಿಂದ ಬಸ್ಸು ಹತ್ತಿ ಹಳ್ಳಿಯ ಶಾಲೆಗೆ ಹೋಗಿ ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಪಾಠ ಮಾಡಿ ಎಂದೂ ದಣಿದವಳಲ್ಲ. ದಣಿಸಿದ್ದು ಫೋನಿನಲ್ಲಿ ಬರುವ ಶಿಕ್ಷಕರ ತರಬೇತಿಗಳು.

ನನ್ನ ಫೋನು ತೆರೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಪೇಪರಿನ ಸುದ್ದಿ, ಬ್ಯಾಂಕಿನ ಮೆಸೇಜು, ಅಕ್ಕನ ಜಗಳ, ಎಲ್ಲಕ್ಕೂ ಒಂದೇ ದನಿ. ತರಬೇತಿಯ ಆ್ಯಪ್‌ನ ಬಟನ್‌ಗಳಿಗೆ ಬರೀ ಗುರುತುಗಳಿವೆಯಂತೆ, ಓದಲು ಹೆಸರಿಲ್ಲ; ಅದನ್ನು ತೆರೆದರೆ ಮಾತ್ರ 'ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್' ಎಂದು ಜಪ ಶುರು ಮಾಡುತ್ತದೆ. ಯಾವುದು ಮುಂದಕ್ಕೆ, ಯಾವುದು ಹಿಂದಕ್ಕೆ, ದೇವರಿಗೇ ಗೊತ್ತು.

ನಮ್ಮ ಶಾಲೆಯಲ್ಲಿ ಇದಕ್ಕೊಂದು ಪದ್ಧತಿಯಿದೆ. ತರಬೇತಿ ಮುಗಿಸಬೇಕಾದ ಕೊನೆಯ ದಿನ ಊಟದ ಬಿಡುವಿನಲ್ಲಿ ಎಲ್ಲರೂ ಫೋನುಗಳನ್ನು ಟೇಬಲ್ಲಿನ ಮೇಲೆ ರಾಶಿ ಹಾಕುತ್ತಾರೆ. ಗಣಿತದ ಮೇಷ್ಟ್ರು ಒಂದೊಂದಾಗಿ ಎತ್ತಿಕೊಂಡು, ವಾಟ್ಸಾಪಿನಲ್ಲಿ ಬಂದ ಉತ್ತರಗಳನ್ನು ನೋಡಿ ಒತ್ತಿಬಿಡುತ್ತಾರೆ. ನಾನೊಬ್ಬಳು ಕೊಟ್ಟಿರಲಿಲ್ಲ. ಮೂರನೇ ಬಟನ್ ಮುಂದಕ್ಕೆ, ಐದನೆಯದು ಸಲ್ಲಿಸಲು ಎಂದು ಎಣಿಸಿ ಎಣಿಸಿಯೇ ನಾಲ್ಕು ತರಬೇತಿ ಮುಗಿಸಿದ್ದೆ. ನನ್ನ ಹೆಸರಿನ ಪ್ರಮಾಣಪತ್ರ ನನ್ನ ಉತ್ತರಗಳಿಂದಲೇ ಬರಬೇಕೆಂಬ ಹಟ.

ಕಳೆದ ವರ್ಷದ ತರಬೇತಿ ಅಂಗವಿಕಲ ಮಕ್ಕಳಿಗೆ ಪಾಠ ಹೇಳುವುದರ ಬಗ್ಗೆ. ಇದನ್ನೂ ನಾನೇ ಮಾಡದಿದ್ದರೆ ಇನ್ಯಾರು ಮಾಡಬೇಕು? ಮೂರು ದಿನ ಕೂತು ಪಾಠವೆಲ್ಲ ಕೇಳಿದೆ. ಕೊನೆಯ ಪರೀಕ್ಷೆಯಲ್ಲಿ ಚಿತ್ರಗಳನ್ನು ಎಳೆದು ಜೋಡಿಸಬೇಕಂತೆ. ಯಾವ ಚಿತ್ರ, ಎಲ್ಲಿಗೆ ಎಳೆಯಬೇಕು? ಫೋನು 'ಚಿತ್ರ' ಎಂದು ಹೇಳಿ ಸುಮ್ಮನಾಯಿತು. ಎಳೆದೆ, ಮತ್ತೆ ಎಳೆದೆ. ಸಿಟ್ಟು ಬಂತು, ಅಳುವೂ ಬಂತು.

"ಇವತ್ತೇ ಲಾಸ್ಟ್ ಐತ್ರೀ ಮೇಡಂ," ಎಂದು ಹೆಡ್‌ಮಾಸ್ಟರು ಬಾಗಿಲಿಗೆ ಬಂದರು. "ನಿಮ್ದೊಂದೇ ಬಾಕಿ. ಮೇಲಿಂದ ಆಗ್ಲೇ ಎಲ್ಡು ಸಲ ಫೋನ್ ಬಂತು."

ಫೋನನ್ನು ಗಣಿತದ ಮೇಷ್ಟ್ರ ಕೈಗೆ ಕೊಟ್ಟೆ. "ಪ್ರಶ್ನೆ ಓದ್ರಿ ಸರ್, ಉತ್ರ ನಾನು ಹೇಳ್ತೀನಿ."

"ಉತ್ರ ಆಗ್ಲೇ ಬಂದೈತಲ್ರೀ. ಪ್ರಶ್ನೆ ಕಟ್ಕೊಂಡು ಏನ್ ಮಾಡ್ತೀರಿ?"

ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಎರಡು ನಿಮಿಷದಲ್ಲಿ ಮುಗಿಸಿ, "ನೂರಕ್ಕೆ ನೂರು! ಸ್ವೀಟ್ ಕೊಡಿಸ್ರಿ ಮೇಡಂ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನಗೆ ನಾಚಿಕೆ ತರುತ್ತದೆ.

ಸಂಜೆ ಬಸ್ಸಿನಲ್ಲಿ ಪ್ರಮಾಣಪತ್ರ ತೆರೆದೆ. ಫೋನು 'ಚಿತ್ರ' ಎಂದಿತು, ಅಷ್ಟೆ. ಅದರಲ್ಲಿ ನನ್ನ ಹೆಸರಿದೆಯಂತೆ.

ಈ ತಿಂಗಳು ಇನ್ನೊಂದು ತರಬೇತಿ ಬಂತು. ಕೊನೆಯ ದಿನದವರೆಗೂ ನಾನು ಆ್ಯಪ್ ತೆರೆಯಲೇ ಇಲ್ಲ. ಊಟದ ಬೆಲ್ಲು ಹೊಡೆದ ಕೂಡಲೇ ಟೇಬಲ್ಲಿನ ಮೇಲೆ ಮೊದಲು ಫೋನು ಇಟ್ಟವಳು ನಾನೇ.